ಹಣೆ ಅಜ್ಜಿ ರವಿಕೆ ಹೊಲಿಸಿದ್ದು

ತುಮಕೂರಿನ ಮಗಳ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದರೆ ಕೋಣೆಯೊಳಗೆ ಏಳೆಂಟು ಹೆಂಗಸರ ದನಿ. ನೆಂಟರು ಬಂದರೇನೋ ಎಂದು ಬಾಗಿಲಿಗೆ ಹೋಗಿ ನೋಡಿದೆ. ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಮಗಳು ಸವಿತಾ ಲ್ಯಾಪ್‌ಟಾಪಿನ ಮುಂದೆ ಒಬ್ಬಳೇ ಕೂತು "ನನ್ನ ಹೆಸರು" ಅಂದರೆ, ಅದರೊಳಗಿಂದ ಅಷ್ಟೂ ಹೆಂಗಸರು "ನನ್ನ ಹೆಸರು" ಅನ್ನುತ್ತಿದ್ದರು.

"ಕಾಫಿ ಎಷ್ಟು ಲೋಟ ಇಡ್ಲಿ?" ಎಂದು ಕೂಗಿದೆ. ಲ್ಯಾಪ್‌ಟಾಪು ಗೊಳ್ಳೆಂದು ನಕ್ಕಿತು.

"ಅವ್ವಾ, ಕ್ಲಾಸ್ ನಡೀತೈತೆ, ಸುಮ್ಕಿರು!"

ಕುಣಿಗಲ್ ಕಡೆಯ ನಮ್ಮೂರಲ್ಲಿ ನನಗೆ ಸುಮ್ಮನಿರು ಎಂದವರಿಲ್ಲ. ಎಂದಿದ್ದರೂ ನಾನು ಇರುತ್ತಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಗದ್ದೆಯನ್ನು ಮೈದುನನಿಗೆ ವಹಿಸಿ ಇಲ್ಲಿಗೆ ಬಂದೆ. ಅದರಲ್ಲಿ ಅಳುವಂಥದ್ದೇನಿಲ್ಲ. ನನಗೆ ಮೊಣಕಾಲು ನೋವು, ಇಲ್ಲಿ ಲಿಫ್ಟ್ ಇದೆ. ಬೇಜಾರಾಗಲ್ವಾ ಎಂದು ಊರಿನವರು ಕೇಳುತ್ತಾರೆ. ಆಗುತ್ತಿತ್ತು. ಅಲ್ಲಿ ಹಿತ್ತಲಲ್ಲಿ ನಿಂತು ಕೂಗಿದರೆ ಮೂರನೇ ಮನೆಯವಳು ಓಗೊಡುತ್ತಿದ್ದಳು. ಇಲ್ಲಿ ಪಕ್ಕದ ಮನೆಯ ಬೆಲ್ ಒತ್ತಿ, ಮಾತಾಡೋಕೆ ಬಂದೆ ಅಂದರೆ ಅವಳಿಗೆ ಗಾಬರಿ. ರಾಗಿಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮುದ್ದೆ ಚೆನ್ನಾಗೇ ಆಗುತ್ತದೆ, ಸುಳ್ಳು ಹೇಳಬಾರದು.

ಸವಿತಾ ಕನ್ನಡ ಕಲಿಸುವುದು ಹೊರರಾಜ್ಯಗಳಿಂದ ಬಂದು ಈ ಕಡೆ ನೆಲೆಸಿದ ಹೆಂಗಸರಿಗೆ. ಅವರಲ್ಲೊಬ್ಬಳು ಜುನಾಲಿ. ಅಸ್ಸಾಮಿನವಳು, ಗುಬ್ಬಿಯಲ್ಲಿ ಸಂಸಾರ, ಗಂಡನಿಗೆ ಕಾರ್ಖಾನೆ ಕೆಲಸ. ಅಲ್ಲಿ ಟೈಲರ್ ಅಂಗಡಿ ಇಟ್ಟಿರುವ ಗೌರಮ್ಮ ಇವಳ ಹೊಲಿಗೆ ಮೆಚ್ಚಿದ್ದರೂ, "ಗಿರಾಕಿ ಜೊತೆ ಮಾತಾಡೋಕೆ ಬಂದ್ರೆ ಕೆಲ್ಸ. ಇಲ್ದಿದ್ರೆ ಹಬ್ಬಕ್ಕೆ ಬೇರೆಯವ್ರನ್ನ ನೋಡ್ಕೋತೀನಿ" ಅಂದಿದ್ದಳಂತೆ. ಜುನಾಲಿಗೆ ಆ ಕೆಲಸ ಬೇಕೇ ಬೇಕಿತ್ತು. ಕ್ಲಾಸಿನಲ್ಲಿ ಪಾಠ ಒಪ್ಪಿಸುತ್ತಿದ್ದಳು, ಅಂಗಡಿಯಲ್ಲಿ ಯಾರಾದರೂ ಎದುರು ನಿಂತರೆ ಮೂಕಿ.

"ಅವ್ವಾ, ನೀನು ಫೋನಲ್ಲಿ ಗಿರಾಕಿ ಆಗು. ಜಗಳ ಆಡೋದು ನಿಂಗೆ ಹೇಳ್ಕೊಡ್ಬೇಕಾ?" ಎಂದಳು ಸವಿತಾ.

ಅವತ್ತಿನಿಂದ ಮಧ್ಯಾಹ್ನದ ಊಟವಾದ ಮೇಲೆ ನಾನು ಗಿರಾಕಿ.

"ತೋಳು ಇಷ್ಟು ಬಿಗಿ ಮಾಡಿದೀಯಲ್ಲೇ, ಉಸಿರು ಹೆಂಗೆ ಬುಡ್ಲಿ?"

"ಅಜ್ಜಿ... ತೋಳಲ್ಲಿ ಉಸಿರು ಬಿಡಲ್ಲ."

ಮೊದಲ ದಿನ ಇಷ್ಟು ಹೇಳುವಷ್ಟರಲ್ಲಿ ನನ್ನ ಎಲೆಅಡಿಕೆ ಅಗಿದು ಮುಗಿದಿತ್ತು. ಆಮೇಲಾಮೇಲೆ ಅವಳು ನನ್ನನ್ನೇ ಬೈಯುವಷ್ಟು ಆದಳು. ನನಗೆ ಮಾತ್ರ ವಿಡಿಯೋ ಕಾಲಿಗೆ ಫೋನು ಹಿಡಿಯುವ ಹದ ಬರಲೇ ಇಲ್ಲ. ಅವಳಿಗೆ ಕಾಣುತ್ತಿದ್ದುದು ನನ್ನ ಹಣೆ, ಅದರ ಮೇಲೆ ತಿರುಗುವ ಫ್ಯಾನು, ಅಷ್ಟೆ. ಹಣೆ ಅಜ್ಜಿ ಎಂದೇ ಹೆಸರಿಟ್ಟಳು. ನನ್ನ ಕುಣಿಗಲ್ಲು, ತುಮಕೂರಿನ ಕತೆಯೆಲ್ಲ ಅವಳಿಗೆ ಬಾಯಿಪಾಠ. ಒಂದು ದಿನ "ನಿಂದ್ಯಾವೂರೇ?" ಎಂದು ಕೇಳಿದರೆ ಮತ್ತೆ ಮೂಕಿ. ಅಸ್ಸಾಂ ಅನ್ನಲಿಲ್ಲ, ಗುಬ್ಬಿ ಅನ್ನಲಿಲ್ಲ. "ಊರೇ ಗೊತ್ತಿಲ್ವೇನೇ?" ಎಂದು ನಕ್ಕಿದ್ದೆ.

ಗೌರಿ ಹಬ್ಬ ಹತ್ತಿರ ಬಂತು. ಗೌರಮ್ಮ ಅವಳನ್ನು ಒಂದು ದಿನ ಗಿರಾಕಿಗಳ ಮುಂದೆ ಕೂರಿಸಿ ನೋಡುತ್ತಾಳೆಂದು ತಿಳಿಯಿತು. ಆ ದಿನ ನಾನು ಮಗಳಿಗೂ ಹೇಳದೆ ರವಿಕೆ ಬಟ್ಟೆ ಹಿಡಿದು ಗುಬ್ಬಿ ಬಸ್ಸು ಹತ್ತಿದೆ.

ಅಂಗಡಿ ತುಂಬ ಜನ. ಜುನಾಲಿ ತಲೆಯೆತ್ತಿ ನೋಡಿದಳು, ಗುರುತು ಹತ್ತಲಿಲ್ಲ. ಬರೀ ಹಣೆ ನೋಡಿದವಳಿಗೆ ಮೂಗು, ಬಾಯಿ ಹೆಂಗೆ ಗೊತ್ತು? ನಾನೂ ದನಿ ತಗ್ಗಿಸಿದೆ.

"ನಾಳೆಗೆ ಬೇಕು ಕಣವ್ವ."

"ನಾಳೆ ಆಗಲ್ಲ ಅಜ್ಜಿ. ಅಳತೆ ಬ್ಲೌಸ್ ತಂದಿದೀರಾ? ಇಲ್ವಾ? ಕೈ ಎತ್ತಿ. ಹಬ್ಬದ ಹಿಂದಿನ ದಿನ ಕೊಡ್ತೀನಿ."

"ಹಿಂದಿನ ದಿನ ಅಂತೀರ, ಹಬ್ಬ ಆದ್ಮೇಲೆ ಕೊಡ್ತೀರ."

"ಅಜ್ಜಿ, ಅದು ಬೇರೆ ಅಂಗಡಿ."

ಅಂಗಡಿಯೇ ನಕ್ಕಿತು. ಗೌರಮ್ಮನೂ ಮಿಷನ್ ನಿಲ್ಲಿಸಿ ನಕ್ಕಳು. ಖುಷಿಗೆ ನನ್ನ ದನಿ ಕೈ ಮೀರಿತು. "ತೋಳು ಬಿಗಿ ಮಾಡ್ದ್ಯೋ, ನೋಡು!"

ಟೇಪು ಕೆಳಗೆ ಬಿತ್ತು. ಜುನಾಲಿ ನನ್ನ ಹಣೆಯನ್ನೇ ದಿಟ್ಟಿಸಿದಳು. "ಹಣೆ ಅಜ್ಜಿ!"

"ಯಾರೇ ಅದು?" ಎಂದಳು ಗೌರಮ್ಮ.

"ನನ್ನ ಮೊದಲ್ನೇ ಗಿರಾಕಿ, ಅಕ್ಕಾ."

"ಹಂಗಾದ್ರೆ ಎರಡ್ನೇವ್ರನ್ನ ಕಾಯಿಸ್ಬೇಡ. ನಾಳೆಯಿಂದ ಬೇಗ ಬಾ," ಎಂದು ಗೌರಮ್ಮ ಮತ್ತೆ ಮಿಷನ್ ತುಳಿದಳು.

ಜುನಾಲಿ ಕಣ್ಣೊರೆಸಿಕೊಂಡು, ಬಟ್ಟೆಗೆ ಚುಚ್ಚಲು ಚೀಟಿ ತೆಗೆದಳು.

"ಹೆಸರು?"

"ರಂಗಮ್ಮ."

"ಊರು?"

ಕುಣಿಗಲ್ ಎಂಬುದು ನಾಲಿಗೆಯ ತುದಿಗೆ ಬಂತು. ಸೊಂಟದಲ್ಲಿ ತುಮಕೂರಿನ ಮನೆಯ ಬೀಗದ ಕೈ ಚುಚ್ಚುತ್ತಿತ್ತು. ಬಾಯಿ ತೆರೆದವಳು ಹಾಗೇ ನಿಂತೆ.

"ಊರೇ ಗೊತ್ತಿಲ್ವೇನಜ್ಜಿ?" ಎಂದಳು ಕಳ್ಳಿ. "ಇರ್ಲಿ, ಎರಡೂ ಬರ್ಕೋತೀನಿ. ಜಾಗ ಐತೆ."

"ಕುಣಿಗಲ್ ಮೊದ್ಲು ಬರಿ," ಎಂದೆ. "ತುಮಕೂರು ದಪ್ಪಕ್ಕೆ ಬರಿ. ರವಿಕೆ ಅಲ್ಲಿಗೆ ಬರ್ಬೇಕು."