ಗೋಡೆಯ ಮೇಲಿನ ಹೆಪ್ಪು

ಪಾಲಹಳ್ಳಿಯ ನಮ್ಮ ಮನೆಯಲ್ಲಿ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದಿದೆ. ಮೊನ್ನೆ ಅದರ ಬ್ರೌಸರನ್ನು ಅಪ್‌ಗ್ರೇಡ್ ಮಾಡಿದೆ. ಆಮೇಲೆ ಅದು ತೆರೆಯಲೇ ಇಲ್ಲ. ಕಮಾಂಡು ಟೈಪಿಸುವ ಟರ್ಮಿನಲ್‌ ಕಿಟಕಿಯಿಂದ ಓಡಿಸಿ ನೋಡಿದರೆ, ಯಾವುದೋ ಲೈಬ್ರರಿ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಲಿನಕ್ಸಿನಲ್ಲಿ ಪ್ರತಿ ಪ್ರೋಗ್ರಾಮೂ ಬೇಕಾದುದನ್ನೆಲ್ಲ ತಾನೇ ಇಟ್ಟುಕೊಳ್ಳುವುದಿಲ್ಲ. ಲೈಬ್ರರಿ ಎಂಬ ಕಡತಗಳು ಒಂದು ಕಡೆ ಇರುತ್ತವೆ, ಎಲ್ಲವೂ ಅಲ್ಲಿಂದಲೇ ಎರವಲು ಪಡೆಯುತ್ತವೆ. ಎಲ್‌ಡಿಡಿ ಎಂಬ ಕಮಾಂಡು ಕೊಟ್ಟು, ಇಲ್ಲದ ಕಡತ ಯಾವುದೆಂದು ತಿಳಿದುಕೊಂಡು, ಅದಿರುವ ಪ್ಯಾಕೇಜನ್ನು ಹಾಕಿದೆ. ಬ್ರೌಸರು ತೆರೆಯಿತು. ಅಷ್ಟಕ್ಕೆ ಇಡೀ ಮಧ್ಯಾಹ್ನ ಹಾಳಾಗಿ ನನ್ನ ತಲೆ ಕೆಟ್ಟಿತ್ತು.

ಎರವಲು ಎಂದಾಗ ನೆನಪಾದದ್ದು ಪಕ್ಕದ ಮನೆಯಾಕೆ. ನಮ್ಮ ಬೀದಿಗೆಲ್ಲ ಹೆಪ್ಪು ಅವಳ ಮನೆಯದೇ. ನಾನಂತೂ ಹಾಲಿಗೆ ಹಾಕಲೆಂದು ಒಂದು ಚಮಚ ಮೊಸರು ಉಳಿಸಿದವಳೇ ಅಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂಬುದು ನಮ್ಮ ಕಡೆಯ ನೇಮ. ನಾನು ಹೋಗುತ್ತಿದ್ದುದು ಆಗಲೇ.

“ಒತ್ತು ಮುಳುಗುದ್ಮೇಲೇ ನೆಪ್ಪಾಯ್ತದಲ್ಲ ನಿಂಗೆ. ನಾ ಕೊಡಾಕಿಲ್ಲ ಬುಡು,” ಎಂದು ಬೈದು, ಮೊಸರಿನ ಬಟ್ಟಲನ್ನು ನಡುಗೋಡೆಯ ಮೇಲಿಟ್ಟು ಅತ್ತ ತಿರುಗಿ ನಿಲ್ಲುತ್ತಿದ್ದಳು. “ನೀನೇ ತಕ್ಕಂಡೋದ್ರೆ ನಾನೇನ್ ಮಾಡ್ಲಿ.”

ಈಗ ಅವಳು ನಾಗಮಂಗಲದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಂಗಡಿಯ ಪ್ಯಾಕೆಟ್ ಮೊಸರು ಹಾಕಿದರೂ ಹಾಲು ಹೆಪ್ಪಾಗುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಆದರೂ ಹಗಲೆಲ್ಲ ಬಿಡುವಿದ್ದ ದಿನವೂ ದೀಪ ಹಚ್ಚುವ ತನಕ ಕಾಯ್ದು, ಆಮೇಲೆಯೇ ಹೆಪ್ಪು ಹಾಕುತ್ತೇನೆ.