ಕೌದಿಯೊಳಗಿನ ತಂಬೂರಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಕೂತರೆ ನಾನು ಎದ್ದು ಒಲೆಯ ಮೇಲಿನ ಬೇಳೆ ನೋಡಲು ಹೋಗುವವಳು. ಖಾಲಿ ಮನೆಯಲ್ಲಿ ಸಪ್ಪಳವಾಯಿತು ಎಂದರೆ ಇಲಿ ಇರಬೇಕು ಎನ್ನುತ್ತಿದ್ದೆ. ಬಾಗಿಲು ತಾನೇ ತೆರೆಯಿತು ಎಂದರೆ ಚಿಲಕ ರಿಪೇರಿ ಮಾಡಿಸಿ ಎನ್ನುತ್ತಿದ್ದೆ. ಈಗಲೂ ಬಹುಪಾಲು ಹಾಗೆಯೇ ಇದ್ದೇನೆ. ಆದರೆ ಕೆಲವು ವರ್ಷಗಳ ಹಿಂದೆ ಕಮಲಾಪುರದಿಂದ ಕಲಬುರಗಿಗೆ ಬರುವಾಗ ನಡೆದದ್ದಕ್ಕೆ ಇಲಿಯನ್ನೂ ದೂರಲಾರೆ, ಚಿಲಕವನ್ನೂ ದೂರಲಾರೆ.

ನಮ್ಮ ಮನೆ ಕಲಬುರಗಿಯ ಗಾಜಿಪುರದಲ್ಲಿ. ನನ್ನ ಯಜಮಾನರೂ ಅವರ ಗೆಳೆಯರೂ ಸೇರಿ ವರ್ಷಕ್ಕೊಮ್ಮೆ ಸಂಗೀತ ಉತ್ಸವ ನಡೆಸುತ್ತಾರೆ. ಅದರಲ್ಲೊಂದು ಕಟ್ಟುಪಾಡು. ರಾಗ ಹಳೆಯದಿರಬಹುದು, ರಚನೆ ಮಾತ್ರ ಹೊಸದಾಗಿರಬೇಕು, ಅದನ್ನು ಕಟ್ಟಿದವರು ವೇದಿಕೆಯ ಮೇಲೆ ಇರಬೇಕು. ಆ ವರ್ಷ ಧಾರವಾಡದಿಂದ ಒಬ್ಬ ಸಿತಾರ್ ವಾದಕರು, ಪುಣೆಯಿಂದ ಚೆಲ್ಲೊ ಎಂಬ ದೊಡ್ಡ ಪಿಟೀಲು ನುಡಿಸುವ ಹೆಣ್ಣುಮಗಳು, ಹೈದರಾಬಾದಿನಿಂದ ಒಬ್ಬ ಗಾಯಕಿ ಬಂದಿದ್ದರು. ಎಲ್ಲರ ಊಟದ ಜವಾಬ್ದಾರಿ ನನ್ನದು. ಪುಣೆಯವಳಿಗೆ ಖಾರ ನಡೆಯುತ್ತಿರಲಿಲ್ಲ. ಸಿತಾರಿನವರಿಗೆ ರೊಟ್ಟಿ ಖಡಕ್ ಆದಷ್ಟೂ ಖುಷಿ. ಸಂಗೀತದ ವಿಷಯದಲ್ಲಿ ನನಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ.

ಆ ಉತ್ಸವಕ್ಕೆ ನನ್ನ ನಾದಿನಿ ಗಿರಿಜಾಳೂ ಒಂದು ಬಂದಿಶ್, ರಾಗಕ್ಕೆ ಕೂರಿಸಿದ ಚಿಕ್ಕ ಹಾಡು, ಕಟ್ಟಿದ್ದಳು. ಅವಳನ್ನು ಕೊಟ್ಟದ್ದು ಕಮಲಾಪುರಕ್ಕೆ, ಕೆಂಪು ಬಾಳೆಯ ತೋಟದ ಮನೆಗೆ. ಮದುವೆಯಾದ ಮೇಲೂ ಹಾಡು ಬಿಟ್ಟವಳಲ್ಲ. ಆದರೆ ಹಿಂದಿನ ವರ್ಷ ಗಂಟಲಲ್ಲಿ ಗಂಟಾಗಿ ಶಸ್ತ್ರಚಿಕಿತ್ಸೆ ಆಗಿತ್ತು. ಗಾಯ ಮಾಗಿದೆ, ಹಾಡಬಹುದು ಎಂದು ಡಾಕ್ಟರು ಹೇಳಿ ತಿಂಗಳುಗಳೇ ಆಗಿದ್ದವು. ದಿನಾ ಬೆಳಿಗ್ಗೆ ತಂಬೂರಿ ಹಿಡಿದು ಕೂತರೂ ಗಂಟಲು ಕಟ್ಟಿ, ಸ್ವರ ಒಡೆದು, ಎದ್ದುಬಿಡುತ್ತಿದ್ದಳು. ಗುರುಗಳು ಹಾಕಿಕೊಟ್ಟಿದ್ದ ಶ್ರುತಿ ಕಪ್ಪು ಐದು, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಕೀ, ಎತ್ತರದ ಶ್ರುತಿ. ಅದಕ್ಕಿಂತ ಇಳಿಸಿ ನೋಡು ಎಂದು ನನ್ನ ಯಜಮಾನರು ಫೋನಿನಲ್ಲಿ ಹೇಳಿದರೆ ಸಿಟ್ಟಿಗೇಳುತ್ತಿದ್ದಳು. ಗುರು ಕೊಟ್ಟ ಶ್ರುತಿ ಇಳಿಸುವುದೆಂದರೆ ಆ ಗುರುಪರಂಪರೆಯ ಹಾಡುಗಾರಿಕೆಯಲ್ಲಿ ಸೋತಂತೆ.

ಉತ್ಸವದ ದಿನ ಮಧ್ಯಾಹ್ನ ಅವಳನ್ನು ಕರೆತರಲು ನಾನೇ ಹೋದೆ. ನಮಗೆ ಯಾವಾಗಲೂ ಗಾಡಿ ಓಡಿಸುವ ಮೆಹಬೂಬ್ ಭಾಯಿ ಜೊತೆಗಿದ್ದರು. ಹೋಗಿ ನೋಡಿದರೆ ಗಿರಿಜಾ ಮನೆಯಲ್ಲಿ ಉಡುವ ಸೀರೆಯಲ್ಲೇ ಕೂತಿದ್ದಾಳೆ.

“ಹೈದರಾಬಾದಿನ ಆಕಿಗೆ ಹೇಳಿಬಿಟ್ಟೀನಿ ವೈನಿ. ಬಂದಿಶ್ ಆಕಿ ಹಾಡ್ತಾಳ. ನಾ ಬಾಜೂಕ ಕೂಡ್ತೀನಿ. ತಂಬೂರಿನೂ ಆಕಿಗೇ ಕೊಟ್ಟು ಬರ್ತೀನಿ.”

“ಕೊಟ್ಟು ಬರೋದಂದ್ರ? ಇವತ್ತಿಗೇನು?”

“ಕಾಯಂ. ಇದು ಮನ್ಯಾಗಿದ್ರ ದಿನಾ ಬೆಳಿಗ್ಗೆ ನನ್ನ ಮಾರಿ ನೋಡ್ತದ.”

ನಾನು ಏನೇನೋ ಹೇಳಿದೆ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನೆದುರೇ ತಂಬೂರಿಯ ಬಿರಡೆಗಳನ್ನು ತಿರುಗಿಸಿ ನಾಲ್ಕೂ ತಂತಿ ಸಡಿಲ ಮಾಡಿದಳು. ಪ್ರಯಾಣದಲ್ಲಿ ಬುರುಡೆ ಸೀಳಬಾರದೆಂದು ಯಾವಾಗಲೂ ಹೀಗೆ ಮಾಡುತ್ತಾರೆ. ಅವತ್ತು ಮಾತ್ರ ತಂತಿಗಳು ಒಣಹಾಕಿದ ದಾರದಂತೆ ಜೋತುಬೀಳುವವರೆಗೂ ಬಿಡಲಿಲ್ಲ. ಆಮೇಲೆ ಅತ್ತೆ ಹೊಲಿದಿದ್ದ ಕೌದಿಯಲ್ಲಿ ತಂಬೂರಿ ಸುತ್ತಿದೆವು, ಮೇಲೆ ನಾನೇ ಹಗ್ಗ ಬಿಗಿದೆ. ಕೈಗೂಸನ್ನು ಮಲಗಿಸುವ ಹಾಗೆ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೊರಟೆವು.

ಊರು ದಾಟಿ ಸ್ವಲ್ಪ ದೂರ ಬಂದಿರಬೇಕು. ಬಿಸಿಲು ಚುರುಗುಡುತ್ತಿತ್ತು. ಮೊದಲು ತೊಡೆಗೆ ಗೊತ್ತಾಯಿತು, ಆಮೇಲೆ ಕಿವಿಗೆ. ಸಣ್ಣಗೆ, ಒಂದೇ ಸಮನೆ, ತಂಬೂರಿ ಮಿಡಿದಂಥ ನಾದ. ಗಾಡಿಯ ಸದ್ದು ಎಂದುಕೊಂಡು ಸುಮ್ಮನಿದ್ದೆ. ಮೆಹಬೂಬ್ ಭಾಯಿ ಕನ್ನಡಿಯಲ್ಲಿ ಎರಡು ಸಲ ನೋಡಿದರು.

“ಅಕ್ಕಾರ, ಹಿಂದ ಏನೋ ಗುಂಯ್ ಅನ್ನಾಕತ್ತದಲ್ರಿ?”

“ಗಾಡಿದೇ ಇರಬೇಕು, ನೋಡ್ರಿ.”

“ನನ್ನ ಗಾಡಿ ಖಡಖಡ ಅಂತದ, ಠಣಠಣ ಅಂತದ, ಇಷ್ಟು ಸುರೀಲಾ ಯಾವತ್ತೂ ಅಂದಿಲ್ರಿ,” ಎನ್ನುತ್ತ ಅವರು ರಸ್ತೆ ಬದಿಗೆ ತಂದು ಇಂಜಿನ್ ಬಂದ್ ಮಾಡಿದರು.

ನಾದ ನಿಲ್ಲಲಿಲ್ಲ. ಇಂಜಿನ್ ಸದ್ದು ಹೋದ ಮೇಲೆ ಇನ್ನೂ ಸ್ಪಷ್ಟವಾಯಿತು. ಗಾಳಿ ಇರಲಿಲ್ಲ, ರಸ್ತೆಯಲ್ಲಿ ಬೇರೆ ಗಾಡಿಯೂ ಇರಲಿಲ್ಲ. ಹಗ್ಗದ ಮೇಲೆ ಕೈಯಿಟ್ಟೆ. ಬೆಕ್ಕಿನ ಹೊಟ್ಟೆ ಮುಟ್ಟಿದ ಹಾಗೆ ಅಂಗೈ ಕೆಳಗೆ ಕೌದಿ ನಡುಗುತ್ತಿತ್ತು. ಕೈ ತೆಗೆಯಬೇಕೆಂದರೂ ತೆಗೆಯಲಾಗಲಿಲ್ಲ.

ಆಗ ಗಿರಿಜಾ ಸ್ವರ ಹಚ್ಚಿದಳು. ಕಿಟಕಿಯ ಹೊರಗೆ ನೋಡುತ್ತ, ಬಾಯಿ ಮುಚ್ಚಿಕೊಂಡೇ ಮೊದಲು ಗುನುಗಿದಳು. ಆಮೇಲೆ ಬಾಯಿ ತೆರೆದಳು. ಒಡೆಯಲಿಲ್ಲ. ಗಂಟಲು ಕಟ್ಟಲಿಲ್ಲ. ಮೊದಲಿನ ಅವಳ ಧ್ವನಿಗಿಂತ ಕೆಳಗಿತ್ತು, ದಪ್ಪವಾಗಿತ್ತು, ಆದರೆ ಅವಳದೇ. ತಾನು ಕಟ್ಟಿದ ಬಂದಿಶ್‌ನ ಮೊದಲ ಸಾಲು ಹಾಡಿದಳು, ಮತ್ತೆ ಹಾಡಿದಳು. ಮೆಹಬೂಬ್ ಭಾಯಿ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕದಲದೆ ಕೂತಿದ್ದರು. ನಾದ ಯಾವಾಗ ನಿಂತಿತೋ ಗೊತ್ತಿಲ್ಲ. ಅವಳು ಹಾಡು ನಿಲ್ಲಿಸಿ “ನೀರು ಕೊಡ್ರಿ ವೈನಿ” ಎಂದಾಗ ನನ್ನ ಕೈ ಕೆಳಗೆ ಬರೀ ಬಟ್ಟೆ ಇತ್ತು.

ಗಾಜಿಪುರ ಮುಟ್ಟಿದ ಕೂಡಲೇ ಪಡಸಾಲೆಯಲ್ಲಿ ಹಗ್ಗ ಬಿಚ್ಚಿದೆ. ನಾನು ಹಾಕಿದ ಗಂಟು ಹಾಗೇ ಇತ್ತು. ನಾಲ್ಕೂ ತಂತಿ ಹಾಗೇ ಜೋತುಬಿದ್ದಿದ್ದವು. ಬೆರಳಿಂದ ಮೀಟಿದರೆ ಟಪ್ಪೆಂದು ಮರಕ್ಕೆ ಬಡಿದವೇ ಹೊರತು ನಾದವಿಲ್ಲ. ಗಿರಿಜಾ ಶ್ರುತಿ ಮಾಡತೊಡಗಿದಳು. ಕಪ್ಪು ಐದರವರೆಗೂ ಏರಿಸಲಿಲ್ಲ. ಅದಕ್ಕೂ ಬಹಳ ಕೆಳಗೆ, ದಾರಿಯಲ್ಲಿ ಹಾಡಿದಲ್ಲಿಗೇ ನಿಲ್ಲಿಸಿದಳು.

ಸಂಜೆ ಅವಳೇ ಹಾಡಿದಳು. ಹೈದರಾಬಾದಿನ ಗಾಯಕಿ ಹಿಂದೆ ಕೂತು ತಂಬೂರಿ ಮಿಡಿದರು. ನನ್ನ ಯಜಮಾನರು ಕಂಬದ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಆ ವರ್ಷವಿಡೀ ನಮ್ಮ ಮನೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ಅವತ್ತು ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದ್ದೆ. ಯಾರೂ ದೂರಲಿಲ್ಲ.

ಸಿತಾರಿನವರನ್ನು ಕೇಳಿದೆ. ಹತ್ತಿರದ ಸದ್ದಿಗೆ ತಂತಿ ತಾನಾಗಿ ಮಿಡಿಯುವುದುಂಟು, ಆದರೆ ತಂತಿ ಬಿಗಿಯಾಗಿರಬೇಕು ಎಂದರು. ಆಮೇಲೊಮ್ಮೆ ಅದೇ ಗಾಡಿಯಲ್ಲಿ, ಅದೇ ಕೌದಿಯಲ್ಲಿ ಸುತ್ತಿ, ಅದೇ ದಾರಿಯಲ್ಲಿ ತಂದೆವು. ಏನೂ ಕೇಳಿಸಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಉತ್ಸವದ ಮರುದಿನ ನಾಷ್ಟಾ ಮಾಡುವಾಗ ಗಿರಿಜಾ ನನ್ನ ಕೈ ಹಿಡಿದುಕೊಂಡು, “ನಿಮ್ಮ ಉಪಕಾರ ಮರಿಯಂಗಿಲ್ಲ ವೈನಿ. ಗಾಡ್ಯಾಗ ನೀವು ಸುರ ಹಿಡಿದ್ರಿ ಅಂತ ನನ್ನ ಬಾಯಿ ತೆರೀತು,” ಎಂದಳು. ನಾನು ಹಿಡಿಯಲಿಲ್ಲ, ತಂಬೂರಿಯಿಂದ ಬಂತು ಎಂದರೆ ನಗುತ್ತಾಳೆ. ತಂಬೂರಿಯ ನಾದ ಅವಳಿಗೆ ಕೇಳಿಸಲೇ ಇಲ್ಲವಂತೆ. ಕೇಳಿಸಿದ್ದು ಪಕ್ಕದಲ್ಲಿ ಕೂತಿದ್ದ ನನ್ನ ಧ್ವನಿಯಂತೆ. ಮಂಗಳಾರತಿಯ ಹಾಡಿಗೂ ನನ್ನನ್ನು ಮನೆಯಲ್ಲಿ ಯಾರೂ ಮುಂದೆ ಕರೆಯುವುದಿಲ್ಲ. ಮೆಹಬೂಬ್ ಭಾಯಿ ಮಾತ್ರ ಈಗಲೂ ನನ್ನ ಕಡೆಗೇ: “ಅಲ್ಲಾ ಕಸಮ್, ಅಕ್ಕಾರ ಬಾಯಿ ಬಂದ್ ಇತ್ತು.”

ಗಿರಿಜಾ ಈಗ ಪ್ರತಿ ವರ್ಷ ಹೊಸತೊಂದನ್ನು ಕಟ್ಟಿ ತಂದು ಹಾಡುತ್ತಾಳೆ. ಶುರು ಮಾಡುವ ಮೊದಲು ಮುಂದಿನ ಸಾಲಿನಲ್ಲಿ ನಾನು ಎಲ್ಲಿದ್ದೇನೆಂದು ಹುಡುಕಿ, ನನ್ನ ಮುಖ ನೋಡುತ್ತ ಒಂದು ಗಳಿಗೆ ಕಾಯುತ್ತಾಳೆ. ನಾನು ತುಟಿ ಬಿಗಿಹಿಡಿದು ಕೂತಿರುತ್ತೇನೆ. ಸುರ ಬಂತೆನ್ನುವಂತೆ ಅವಳು ತಲೆಯಾಡಿಸುತ್ತಾಳೆ, ಕಣ್ಣು ಮುಚ್ಚಿ ಹಾಡಲು ಶುರು ಮಾಡುತ್ತಾಳೆ.