ಹದಿನಾಲ್ಕು ಕೈಗಳ ಮನವಿ

ಹೋದ ತಿಂಗಳು ನನ್ನ ಹೆಂಡತಿ ಗ್ರೈಂಡರಿಗೆ ಧೂಳು ಕೂರುತ್ತದೆಂದು ಬೀರುವಿನ ತಳದಿಂದ ಒಂದು ಶಾಲು ಎಳೆದು ಅದಕ್ಕೆ ಹೊದಿಸಿದಳು. ಜರಿ ಅಂಚಿನ ಕೇಸರಿ ಶಾಲು. ನುಸಿಗುಳಿಗೆಯ ವಾಸನೆ ನಡುಮನೆಯವರೆಗೂ ಬಂತು. ನಾನು ಪೇಪರಿನಿಂದ ತಲೆಯೆತ್ತಿ, “ಅದು ಸನ್ಮಾನದ ಶಾಲು ಕಣೇ” ಎಂದೆ. “ಗ್ರೈಂಡರಿಗೂ ಒಂದು ಸನ್ಮಾನ ಆಗ್ಲಿ ಬಿಡಿ, ಅದೂ ದುಡಿದಿದೆ” ಎಂದಳು. ನಾನು ಮತ್ತೆ ಪೇಪರಿಗೆ ತಲೆ ತಗ್ಗಿಸಿದೆ.

ಬೀರುವಿನಲ್ಲಿ ಅಂಥವು ಇನ್ನೂ ಹತ್ತಾರು ಇವೆ. ನೀವು ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳಬೇಡಿ. ನಾನು ನಮ್ಮ ಸಂಘದ ಕಾರ್ಯದರ್ಶಿಯಾಗಿದ್ದೆ, ಅಷ್ಟೆ. ಶಾಲುಗಳನ್ನು ತರುವವನು ಕಾರ್ಯದರ್ಶಿ. ಬರಬೇಕಾದ ಅತಿಥಿ ಕೈಕೊಟ್ಟರೆ, ತಂದದ್ದನ್ನು ಸುಮ್ಮನೆ ವಾಪಸು ಒಯ್ಯುವುದು ಅಶುಭವೆಂದು, ಅದನ್ನು ಕಾರ್ಯದರ್ಶಿಗೇ ಹೊದಿಸಿ ಚಪ್ಪಾಳೆ ತಟ್ಟುತ್ತಾರೆ. ನನಗೆ ಆದ ಸನ್ಮಾನಗಳೆಲ್ಲ ಬೇರೆಯವರು ಬಾರದೆ ಆದವು.

ಸಂಘವೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಇಂಜಿನಿಯರಿಂಗ್ ಸಂಸ್ಥೆಗಳ ಒಕ್ಕೂಟ. ಸಂಸ್ಥೆ ಎಂದರೆ ಬೆಚ್ಚಬೇಡಿ. ಒಂದು ಕೋಣೆ, ಒಂದು ಮೇಜು, ಮನೆಯ ನಕ್ಷೆ ಬರೆದು ಸಹಿ ಹಾಕುವ ಒಬ್ಬ ಮನುಷ್ಯ. ಬೋರ್ಡಿನಲ್ಲಿ ಮಾತ್ರ ‘ಕನ್ಸಲ್ಟೆಂಟ್ಸ್ ಅಂಡ್ ಅಸೋಸಿಯೇಟ್ಸ್’. ಪಾಂಡವಪುರದ ನನ್ನ ಕಚೇರಿಯಲ್ಲಿ ಆ ಅಸೋಸಿಯೇಟುಗಳು ಎಲ್ಲಿ ಎಂದು ಯಾರಾದರೂ ಕೇಳಿದರೆ “ಸೈಟಿಗೆ ಹೋಗಿದ್ದಾರೆ” ಎನ್ನುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಅವರು ಸೈಟಿನಲ್ಲೇ ಇದ್ದಾರೆ. ಒಕ್ಕೂಟಕ್ಕೆ ಉದ್ದೇಶಗಳು ಎರಡು: ಸರ್ಕಾರಕ್ಕೆ ಮನವಿ ಕೊಡುವುದು, ಸದಸ್ಯರಿಗೆ ತರಬೇತಿ ಕೊಡಿಸುವುದು. ಮೊದಲನೆಯದು ಹೇಗೆಂದು ಗೊತ್ತಿಲ್ಲದ ಕಾರಣ ಎರಡನೆಯದು ಬೇಕಾಯಿತು.

ನಮ್ಮದು ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನ. ಅಪ್ಪ ತೀರ್ಥ ಕೊಡುತ್ತಿದ್ದರು, ನಾನು ಸಹಿ ಕೊಡುತ್ತೇನೆ. ತೀರ್ಥಕ್ಕಾದರೂ ಒಂದಿಷ್ಟು ರುಚಿ ಇತ್ತು. ನಾನು ಹೀಗೆ ಹೇಳಲು ಕಾರಣ ಕಿಕ್ಕೇರಿಯ ಪುಟ್ಟಾಚಾರ್ರು. ಮರಗೆಲಸದವರ ಮಗ, ಡಿಪ್ಲೊಮಾ ಓದಿ, ಮೂವತ್ತು ವರ್ಷ ಕೆ.ಆರ್.ಪೇಟೆ ಸುತ್ತಮುತ್ತ ಮನೆಗಳನ್ನು ಎಬ್ಬಿಸಿದವರು. ನಾವೆಲ್ಲ ನಕ್ಷೆ ಬರೆದು ಮನೆಗೆ ಹೋದರೆ, ಅವರು ನಕ್ಷೆ ಬರೆದು ಸೈಟಿಗೆ ಹೋಗುತ್ತಿದ್ದರು. ಕಿಟಕಿಯ ಮಟ್ಟ ಬಂದಾಗ ಮನೆಯ ಹಿರಿಯಳನ್ನು ಕರೆದು ಅಡುಗೆಮನೆಯ ಜಾಗದಲ್ಲಿ ನಿಲ್ಲಿಸಿ, “ಅವ್ವಾ, ಇಲ್ಲಿಂದ ಬೀದಿ ಕಾಣಿಸ್ತದಾ?” ಎಂದು ಕೇಳಿ, ಕಾಣಿಸದಿದ್ದರೆ ಒಂದು ವರಸೆ ಇಟ್ಟಿಗೆ ಇಳಿಸುತ್ತಿದ್ದರು. ಇಂಥದ್ದು ನಮ್ಮ ಡಿಗ್ರಿಯಲ್ಲಿ ಇರಲಿಲ್ಲ.

ಹೀಗಿರುವಾಗ ಒಂದು ಹೊಸ ನಿಯಮ ಬಂತು. ಡಿಪ್ಲೊಮಾ ಆದವರು ನೆಲಮಹಡಿಯ ನಕ್ಷೆಗೆ ಮಾತ್ರ ಸಹಿ ಹಾಕಬಹುದು, ಅದರ ಮೇಲಿನದಕ್ಕೆಲ್ಲ ಡಿಗ್ರಿಯವರೇ ಬೇಕು. ಈಗ ಯಾವ ಊರಿನಲ್ಲಿ ಯಾರು ಬರಿಯ ನೆಲಮಹಡಿ ಕಟ್ಟುತ್ತಾರೆ ಹೇಳಿ? ಆಚಾರ್ರ ಕಚೇರಿ ಮುಚ್ಚಿದಂತೆಯೇ ಆಯಿತು. ಅವರು ನಿಯಮದ ಪ್ರತಿ ಹಿಡಿದು ನನ್ನೆದುರು ಕೂತು ಒಂದು ಪ್ರಶ್ನೆ ಕೇಳಿದರು.

“ಐನೋರೆ, ಅಂಗಾರೆ ಮೆಟ್ಲು ಯಾರ್ದು? ಕೆಳಗ್ಲಿಂದ ಲ್ಯಾಂಡಿಂಗ್ ಗಂಟ ನಂದು, ಅಲ್ಲಿಂದ ಮ್ಯಾಕೆ ನಿಮ್ದಾ?”

ನಿಯಮವನ್ನು ಮೂರು ಸಲ ಓದಿದೆ. ಅದರಲ್ಲಿ ಮೆಟ್ಟಿಲಿನ ಮಾತೇ ಇರಲಿಲ್ಲ.

ನಮ್ಮ ಅಧ್ಯಕ್ಷರು ನಾಗಮಂಗಲದ ಚನ್ನೇಗೌಡರು. ವಿಷಯ ತಿಳಿದ ಕೂಡಲೇ, “ಮನವಿ ಕೊಡಾದೇ ಸೈ! ಅದ್ಕೂ ಮದ್ಲು ಮನವಿ ಕೊಡಾದೆಂಗೆ ಅಂತ ಟ್ರೈನಿಂಗ್ ಮಾಡ್ಬುಡವ” ಎಂದರು. ಮೈಸೂರಿನಿಂದ ಒಬ್ಬ ತರಬೇತುದಾರರು ಬಂದರು. ಪಾಂಡವಪುರದ ಒಂದು ಕಲ್ಯಾಣ ಮಂಟಪ ಗೊತ್ತಾಯಿತು. ಹಿಂದಿನ ದಿನದ ಮದುವೆಯ ಹೂವಿನ ಅಲಂಕಾರ ಹಾಗೆಯೇ ಇತ್ತು, ವಧೂವರರ ಹೆಸರೂ ಇತ್ತು. ಆ ಎರಡು ಹೆಸರುಗಳ ಕೆಳಗೆ ನಿಂತು ಅವರು, “ಲಿಫ್ಟಿನಲ್ಲಿ ನಿಮಗೆ ಮಂತ್ರಿಗಳು ಸಿಗುತ್ತಾರೆ. ನಿಮ್ಮ ಬಳಿ ಅರ್ಧ ನಿಮಿಷ ಇದೆ. ಏನು ಹೇಳುತ್ತೀರಿ?” ಎಂದು ಕೇಳಿದರು.

ಸಭೆ ಗಂಭೀರವಾಯಿತು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ಲಿಫ್ಟು ಎಷ್ಟು ಜನದ್ದು ಸಾರ್?” ಎಂದರು. ತರಬೇತುದಾರರು ಏನೋ ಬಾಯಿಗೆ ಬಂದಂತೆ ಆರು ಎಂದರು. ಮಂತ್ರಿ, ಗನ್‌ಮ್ಯಾನು, ಪಿ.ಎ., ಲಿಫ್ಟಿನವನು ಕಳೆದರೆ ನಮಗೆ ಉಳಿಯುವುದು ಇಬ್ಬರ ಜಾಗ, ನಿಯೋಗದಲ್ಲಿ ಪದಾಧಿಕಾರಿಗಳೇ ಹದಿನಾಲ್ಕು ಜನ ಇದ್ದೇವೆ, ಹಾಗಾದರೆ ಲಿಫ್ಟು ಏಳು ಸಲ ಹೋಗಿಬರಬೇಕು ಎಂದು ಚರ್ಚೆ ಎದ್ದಿತು. ಮತ್ತೊಬ್ಬರು ಲಿಫ್ಟಿನ ತಳದ ಗುಂಡಿಯ ಆಳದ ಪ್ರಶ್ನೆ ಎತ್ತಿದರು. ಊಟದ ಹೊತ್ತಿಗೆ ಬೋರ್ಡಿನ ಮೇಲೆ ಇಡೀ ಲಿಫ್ಟಿನ ಅಡ್ಡಸೀಳು ನಕ್ಷೆ ಇತ್ತು. ಮಂತ್ರಿಗೆ ಏನು ಹೇಳಬೇಕೆಂಬುದು ಮಾತ್ರ ಹಾಗೆಯೇ ಉಳಿಯಿತು.

ಮಧ್ಯಾಹ್ನ ಅಭಿನಯ. ಒಬ್ಬರು ಮಂತ್ರಿಯಾಗಬೇಕು, ಉಳಿದವರು ಮನವಿ ಕೊಡಬೇಕು. ಯಾರೂ ಮುಂದೆ ಬಾರದೆ ಇದ್ದಾಗ ಆಚಾರ್ರನ್ನೇ ವರನ ಕುರ್ಚಿಯಲ್ಲಿ ಕೂರಿಸಿದೆವು. ಒಬ್ಬೊಬ್ಬರೂ ಹೋಗಿ ಕಷ್ಟ ಹೇಳಿಕೊಂಡರು. ಆಚಾರ್ರು ಮುಂದಕ್ಕೆ ಬಾಗಿ, ಕಿವಿಗೊಟ್ಟು, “ಅಯ್ಯೋ ಪಾಪ, ಯಾವಾಗ್ಲಿಂದ ಇಂಗಾಯ್ತು?” ಎಂದು ಕೇಳುತ್ತ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು. ತರಬೇತುದಾರರು ತಡೆದರು. “ನೀವು ಇಷ್ಟು ಕೇಳಿಸಿಕೊಳ್ಳಬಾರದು. ಸಹಜವಾಗಿ ಕಾಣುವುದಿಲ್ಲ. ನಡುವೆ ಫೋನ್ ನೋಡಿ, ಪಕ್ಕದವರ ಜೊತೆ ಮಾತಾಡಿ.” ಆಚಾರ್ರು ಪ್ರಯತ್ನಪಟ್ಟರು, ಅವರಿಂದ ಆಗಲಿಲ್ಲ. ನಾವು ನಕ್ಕೆವು. ನಾನೂ ನಕ್ಕೆ. ಅವರ ಬದುಕಿಗಾಗಿ ಕಲೆತ ಸಭೆಯಲ್ಲಿ ಅವರ ಕಷ್ಟವನ್ನು ಮಾತ್ರ ಯಾರೂ ಕೇಳಲಿಲ್ಲವೆಂಬುದು ನನಗೆ ಆ ದಿನ ಹೊಳೆಯಲೇ ಇಲ್ಲ.

ನಮ್ಮ ಕಡೆ ಮನವಿ ಕೊಡುವುದಕ್ಕೆ ಒಂದು ಪದ್ಧತಿಯಿದೆ, ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಒಂದೇ ಹಾಳೆಯನ್ನು ಎಲ್ಲರೂ ಹಿಡಿದಿರಬೇಕು. ಹಾಳೆಗೆ ಕೈ ತಾಗದವನನ್ನು ಪೇಪರಿನವರು ಫೋಟೋದಿಂದ ಕತ್ತರಿಸಿಬಿಡುತ್ತಾರೆ. ಬೇರೆಯವರಾದರೆ ನೂಕಾಡಿ ಹೇಗೋ ಕೈ ತೂರಿಸುತ್ತಿದ್ದರು. ನಾವು ಇಂಜಿನಿಯರುಗಳು, ಲೆಕ್ಕ ಹಾಕಿದೆವು. ಒಂದು ಕೈಗೆ ನಾಲ್ಕು ಇಂಚು, ಹದಿನಾಲ್ಕು ಕೈಗೆ ಐವತ್ತಾರು, ಮಂತ್ರಿ ಸಾಹೇಬರಿಗೆ ಗೌರವದಿಂದ ಎಂಟು ಇಂಚು. ಮುಖಗಳು ಕಾಣಬೇಕಾದ್ದರಿಂದ ಮೇಲಿನ ಅಂಚನ್ನು ಹಿಡಿಯುವಂತಿಲ್ಲ. ಮಾಮೂಲಿ ಹಾಳೆಯ ಉಳಿದ ಮೂರು ಅಂಚು ಸೇರಿಸಿದರೂ ಅರ್ಧಕ್ಕೆ ಸಾಲದು. ಚನ್ನೇಗೌಡರು ತೀರ್ಪು ಕೊಟ್ಟರು: “ನಕ್ಷೆ ಹಾಳೇಲೇ ಹೊಡ್ಸಿ ಸ್ವಾಮಿ. ಬಗ್ಗದಂಗೆ ಇಂದಕ್ಕೊಂದು ಹಲಗೆ ಅಂಟಿಸ್ಬುಡಿ.”

ಹಾಗೆ ನಮ್ಮ ಮನವಿ ಒಂದು ಪುಟ್ಟ ಕದದಷ್ಟಾಯಿತು. ಕೆ.ಆರ್.ಪೇಟೆಯ ಪ್ರವಾಸಿ ಮಂದಿರದ ಮುಂದೆ ಸುಣ್ಣದಲ್ಲಿ ಗುರುತು ಹಾಕಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತೆವು. ಸಾಹೇಬರು ಬಂದರು. ಹೆಸರು ಬೇಡ, ಯಾವ ಸಾಹೇಬರಾದರೂ ಅದೇ ಆಗುತ್ತಿತ್ತು. ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ. ಅವರು ತಮ್ಮ ಎಂಟು ಇಂಚು ಹಿಡಿದರು. ಫೋಟೋ ತುಂಬಾ ಚೆನ್ನಾಗಿ ಬಂತು. ನಂತರ ಅವರು ಕಾರು ಹತ್ತಿದರು. ಹಲಗೆ ಮಾತ್ರ ಕಾರು ಹತ್ತಲಿಲ್ಲ. ಉದ್ದಕ್ಕೆ ಹಿಡಿದೆವು, ಅಡ್ಡಕ್ಕೆ ಹಿಡಿದೆವು, ಓರೆಯಾಗಿ ತೂರಿಸಿದೆವು. ಡಿಕ್ಕಿಯಲ್ಲಿ ಆಗಲೇ ಬೇರೆಯವರು ಕೊಟ್ಟ ಹಣ್ಣಿನ ಬುಟ್ಟಿಗಳಿದ್ದವು. ಪಿ.ಎ. ಗಡಿಯಾರ ನೋಡಿಕೊಂಡು, “ಒಂದು ಚಿಕ್ಕ ಪ್ರತಿ ಕೊಡಿ ಸಾರ್” ಎಂದರು. ಚಿಕ್ಕ ಪ್ರತಿ ಮಾಡಿಸಬೇಕೆಂದು ಹದಿನಾಲ್ಕು ಜನರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಕಾರು ಹೊರಟಿತು. ನಾವು ಹಲಗೆಯನ್ನು ಇನ್ನೂ ಅವರವರ ನಾಲ್ಕು ಇಂಚಿನಲ್ಲೇ ಹಿಡಿದು ನಿಂತಿದ್ದೆವು.

ಆಚಾರ್ರು ಅಂದು ಬಂದಿರಲಿಲ್ಲ. ಅವರಿಗೆ ಎಲ್ಲೋ ತಾರಸಿ ಹಾಕುವ ದಿನ, ಸೈಟು ಬಿಟ್ಟು ಬರುವವರಲ್ಲ. ಮಾರನೆಯ ದಿನ ಪೇಪರಿನಲ್ಲಿ ‘ಮನವಿ ಸಲ್ಲಿಕೆ’ ಎಂದು ಬಂದೇಬಿಟ್ಟಿತು. ಚಿಕ್ಕ ಪ್ರತಿಯನ್ನಾದರೂ ಕಳಿಸೋಣ ಎಂದು ನಾನು ಅಧ್ಯಕ್ಷರಿಗೆ ಹೇಳಿದೆ. “ಇನ್ನೊಂದ್ಸಲ ಕೊಟ್ರೆ ಮದ್ಲು ಕೊಟ್ಟಿಲ್ಲ ಅಂತ ಆಯ್ತದಲ್ಲ ಸ್ವಾಮಿ. ಪೇಪರಲ್ಲೇ ಬಂದ್ಬುಟ್ಟದೆ, ಸುಮ್ನಿರಿ” ಎಂದರು. ಸುಮ್ಮನಿರುವುದು ನನಗೆ ತರಬೇತಿಯಿಲ್ಲದೆ ಬರುವ ವಿದ್ಯೆ. ಹಲಗೆಯನ್ನು ಕಚೇರಿಯಲ್ಲಿ ಬೀರುವಿನ ಹಿಂದೆ ನಿಲ್ಲಿಸಿದೆ. ಆಚಾರ್ರು ಪ್ರತಿ ಸೋಮವಾರ ಬಂದು, “ಏನಾಯ್ತು ಐನೋರೆ?” ಎನ್ನುತ್ತಿದ್ದರು. “ಮೇಲಕ್ಕೆ ಹೋಗಿದೆ” ಎನ್ನುತ್ತಿದ್ದೆ. ಅವರು ಕೂರುತ್ತಿದ್ದ ಕುರ್ಚಿಗೂ ಆ ಹಲಗೆಗೂ ಎರಡು ಅಡಿ ಅಂತರ ಇರಲಿಲ್ಲ.

ಆಮೇಲೆ ನಡೆದದ್ದನ್ನು ನೀವು ನಂಬುವುದು ಬಿಡುವುದು ನಿಮಗೇ ಬಿಟ್ಟಿದ್ದು. ಕೊಡದ ಮನವಿಗೆ ಉತ್ತರ ಬಂತು. ‘ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿ ಸೂಕ್ತ ಕ್ರಮಕ್ಕಾಗಿ ಕಳುಹಿಸಲಾಗಿದೆ.’ ಪಿ.ಎ. ಪೇಪರಿನ ಫೋಟೋ ನೋಡಿಯೇ ಬರೆಸಿರಬೇಕು. ಅಧ್ಯಕ್ಷರು ಅಭಿನಂದನಾ ಸಭೆ ಕರೆದರು, ಅತಿಥಿ ಕೈಕೊಟ್ಟರು, ನನಗೊಂದು ಶಾಲು ಬಿತ್ತು. ಸಭೆ ಮುಗಿದ ಮೇಲೆ ಆಚಾರ್ರು ನನ್ನ ಕೈ ಹಿಡಿದುಕೊಂಡು, “ಹೊಸಹೊಳಲಲ್ಲಿ ಒಂದು ಎಲ್ಡಂತಸ್ತಿನ ಮನೆ ಒಪ್ಕೊಂಬುಟ್ಟೆ ಐನೋರೆ. ಆರ್ಡರ್ ಬತ್ತಾ ಅದೆ, ಸಯಿ ನಾನೇ ಆಕ್ತೀನಿ ಅಂದಿವ್ನಿ” ಎಂದರು. ಅವರ ಮುಖದ ತುಂಬ ಸಂತೋಷವಿತ್ತು. ಆ ಮನೆಯವರ ಮುಂದೆ ಅವರು ತಲೆತಗ್ಗಿಸುವುದು ಖಂಡಿತವಾಗಿತ್ತು, ಅದಕ್ಕೆ ಕಾರಣ ನಾನು.

ಕಚೇರಿಗೆ ಕರೆದುಕೊಂಡು ಹೋಗಿ ಬೀರು ಸರಿಸಿ ಹಲಗೆ ತೋರಿಸಿದೆ. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಏರಿಸಿ, ನಿಂತುಕೊಂಡೇ, ಮೇಲಿನಿಂದ ಓದುತ್ತ ಬಂದರು. ಅರ್ಧ ಹಲಗೆ ಸಾಹೇಬರ ಗುಣಗಾನ, ಉಳಿದರ್ಧ ಪದಾಧಿಕಾರಿಗಳ ಹೆಸರು. ನಡುವೆ ಎರಡು ಸಾಲು ವಿಷಯ. ಹುಡುಕಿ ಹುಡುಕಿ ಆ ಸಾಲಿನ ಮೇಲೆ ಬೆರಳಿಟ್ಟರು.

“ನನ್ನೆಸ್ರೇ ಇಲ್ವಲ್ಲ ಐನೋರೆ.”

ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಹಲಗೆಯನ್ನು ಗೆಣ್ಣಿನಿಂದ ತಟ್ಟಿ ನೋಡಿ, “ಅಲಗೆ ಚೆನ್ನಾಗದೆ” ಎಂದು ಹೊರಟುಹೋದರು. ನಾಲ್ಕು ಸೋಮವಾರ ಬರಲಿಲ್ಲ. ಐದನೆಯ ಸೋಮವಾರ ನಾನೇ ಕಿಕ್ಕೇರಿಗೆ ಹೋದೆ. ಒಂದೇ ಪುಟದ ಅರ್ಜಿಯನ್ನು ಅವರ ಕೈಯಿಂದಲೇ, ಅವರ ಹೆಸರಿನಲ್ಲೇ ಬರೆಸಿ, ಇಬ್ಬರೂ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಜಿಲ್ಲಾಧಿಕಾರಿ ಕಚೇರಿಯ ಟಪಾಲು ಕಿಟಕಿಯಲ್ಲಿ ಕೊಟ್ಟೆವು. ಒಳಗಿದ್ದ ಹೆಣ್ಣುಮಗಳು ತಲೆಯೆತ್ತದೆ ಮೊಹರು ಒತ್ತಿ ರಸೀತಿ ಚೀಟಿ ಕೊಟ್ಟಳು. ಒಂದು ನಿಮಿಷವೂ ಆಗಲಿಲ್ಲ. “ಇಷ್ಟೇಯಾ?” ಎಂದರು ಆಚಾರ್ರು. ಕೊಟ್ಟ ಆ ಮನವಿಗೆ ಇಂದಿನವರೆಗೂ ಉತ್ತರ ಬಂದಿಲ್ಲ. ನಿಯಮವೂ ಹಾಗೆಯೇ ಇದೆ. ನಾನು ಕಾರ್ಯದರ್ಶಿ ಸ್ಥಾನ ಬಿಟ್ಟೆ. ಆಚಾರ್ರು ಹೊಸಹೊಳಲಿನ ಮನೆಯವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಅವರು, ನಕ್ಷೆ ನೀವೇ ಮಾಡಿ, ಸಹಿ ಯಾರದಾದರೂ ಇರಲಿ ಎಂದರಂತೆ. ಅಂದಿನಿಂದ ಆಚಾರ್ರು ಮನೆ ಯೋಚಿಸುತ್ತಾರೆ, ನಾನು ಕೆಳಗೆ ಹೆಸರು ಗೀಚುತ್ತೇನೆ.

ಗ್ರೈಂಡರಿನ ಮೇಲೆ ಆ ಶಾಲು ಕಂಡ ದಿನ ಇದೆಲ್ಲ ನೆನಪಾಗಿ ಮನಸ್ಸು ತಡೆಯಲಿಲ್ಲ. ಅಂದು ಸಹಿಗೆ ಬಂದಿದ್ದ ನಕ್ಷೆಯಲ್ಲಿ ನನ್ನ ಹೆಸರಿನ ಮೇಲೆ ‘ವಿನ್ಯಾಸ: ಪುಟ್ಟಾಚಾರ್, ಕಿಕ್ಕೇರಿ’ ಎಂದು ಬರೆದು ಮಂಜೂರಾತಿಗೆ ಕಳಿಸಿದೆ. ಮೂರೇ ದಿನದಲ್ಲಿ ಮೊಹರು ಸಮೇತ ಆಕ್ಷೇಪಣೆ ಪತ್ರ ಬಂತು: ‘ಸದರಿ ಕಟ್ಟಡದ ವಿನ್ಯಾಸಕಾರರಾದ ಶ್ರೀ ಪುಟ್ಟಾಚಾರ್ ಇವರ ಹೆಸರನ್ನು ನಕ್ಷೆಯಿಂದ ತೆಗೆದುಹಾಕಿ ಮರುಸಲ್ಲಿಸುವುದು.’

ಪತ್ರವನ್ನು ಸಂಕೋಚದಿಂದಲೇ ಆಚಾರ್ರಿಗೆ ಕೊಟ್ಟೆ. ಅವರು ಓದಿದರು. ಮತ್ತೆ ಮೇಲಿನಿಂದ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ವಿನ್ಯಾಸಕಾರರಾದ ಅಂತ ಅವ್ರೇ ಬರ್ದವ್ರಲ್ಲ ಐನೋರೆ, ಮೊಹರು ಆಕಿ. ಇದು ನನ್ಗಿರ್ಲಿ. ಎಸ್ರು ತೆಗ್ದುಬುಡಿ ಈಗ, ಮನೆಯೋರು ಕಾಯ್ತಾವ್ರೆ.”

ಹೆಸರು ತೆಗೆದೆ, ಮಂಜೂರಾತಿ ಸಿಕ್ಕಿತು. ನಿನ್ನೆ ಇನ್ನೊಂದು ನಕ್ಷೆ ಹೋಗಿದೆ, ಅದರಲ್ಲಿಯೂ ಎರಡು ಹೆಸರು ಬರೆದಿದ್ದೇನೆ. ಆಕ್ಷೇಪಣೆ ಬರಲೆಂದು ಇಬ್ಬರೂ ಕಾಯುತ್ತಿದ್ದೇವೆ.